ಮಣ್ಣಿನ ಚೀಟಿಗೆ ಬೇಕಾದ ಹಳೆಯ ರನ್‌ಟೈಮ್

ಹಿರಿಯೂರಿನ ಮಣ್ಣು ಪರೀಕ್ಷಾ ಕೇಂದ್ರಕ್ಕೆ ನಾನು ಸೇರಿದ್ದು ಟೈಪಿಸ್ಟ್ ಆಗಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಿತ್ರದುರ್ಗದಲ್ಲಿ ಮುಖ್ಯ ಕಚೇರಿ ಇದ್ದ ಬೆಳೆಗಾರರ ಸಂಘವೊಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇಂಥ ಮೂರು ಕೇಂದ್ರಗಳನ್ನು ನಡೆಸುತ್ತಿತ್ತು. ರೈತರು ಹೊಲದ ಮಣ್ಣನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ತಂದು ಕೊಡುತ್ತಿದ್ದರು. ಒಳಕೋಣೆಯಲ್ಲಿ ಅದರ ಪರೀಕ್ಷೆ ಆಗುತ್ತಿತ್ತು. ಸಾರಜನಕ ಎಷ್ಟು, ರಂಜಕ ಎಷ್ಟು, ಯಾವ ಬೆಳೆಗೆ ಏನು ಹಾಕಬೇಕು ಎಂಬುದನ್ನು ಚೀಟಿಯಲ್ಲಿ ಟೈಪ್ ಮಾಡಿ ಕೊಡುವುದು ನನ್ನ ಕೆಲಸ.

ನಮ್ಮದು ಹರಿಯಬ್ಬೆ ಕಡೆಯ ಕುರಿ ಸಾಕುವ ಮನೆ. ಅಪ್ಪ ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆಯೇ ಇರುತ್ತಿದ್ದ. ಮನೆಯಲ್ಲಿ ಪಿಯುಸಿ ಮುಗಿಸಿದವಳು ನಾನೇ ಮೊದಲು. ಟೈಪಿಂಗ್ ಕಲಿಯಲು ಹಿರಿಯೂರಿಗೆ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಾಗ ನಮ್ಮ ಹಟ್ಟಿಯ ಹೆಂಗಸರು, "ಟಕಟಕ ಅನ್ಸಾಕೆ ಅಷ್ಟು ದೂರ ಹೋಗ್ಬೇಕೇನವ್ವ?" ಎಂದು ನಗುತ್ತಿದ್ದರು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದೆ. ಒಂದು ಅಕ್ಷರ ತಪ್ಪಿದರೂ, ಎರಡು ಪದಗಳ ನಡುವೆ ಜಾಗ ಹೆಚ್ಚಾದರೂ ನನ್ನ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು. ಆ ಅಭ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ ಎಂದು ಆಗ ಯಾರು ಎಣಿಸಿದ್ದರು?

ಚೀಟಿಯ ಫಾರಂ ಇಂಗ್ಲಿಷಿನಲ್ಲಿತ್ತು. ಕೊಡುವಾಗ ನಾನು ಬಾಯಲ್ಲಿ ವಿವರಿಸಿ ಹೇಳುತ್ತಿದ್ದೆ. ಒಮ್ಮೆ ಬಬ್ಬೂರಿನ ಕಡೆಯ ಒಬ್ಬ ಅಜ್ಜಿ ಎರಡನೇ ಸಲ ಮಣ್ಣು ತಂದಿದ್ದಳು. ಹಿಂದಿನ ವರ್ಷದ ಚೀಟಿ ಏನಾಯಿತು ಎಂದು ಕೇಳಿದೆ.

"ದೇವ್ರ ಪಟದ ಹಿಂದೆ ಇಟ್ಟೀನಿ ಕಣವ್ವ. ಜ್ವಾಪಾನವಾಗೈತೆ," ಎಂದಳು.

"ಅದ್ರಲ್ಲಿ ಬರೆದಂಗೆ ಗೊಬ್ಬರ ಹಾಕಿದ್ರಾ?"

"ನೀನು ಹೇಳಿದ್ದು ಊರು ಮುಟ್ಟೋದ್ರಾಗೆ ಮರ್ತೋತು. ಮೊಮ್ಮಗಳು ಕನ್ನಡ ಆಗಿದ್ರೆ ಓದ್ತಿದ್ಲು. ಇದು ಯಾರಿಗೆ ಬರ್ತೈತೆ ಹೇಳು?"

ಅವಳು ಬೈದು ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಆದರೆ ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಎಷ್ಟು ವರ್ಷಗಳಿಂದ ಎಷ್ಟು ಚೀಟಿ ಟೈಪ್ ಮಾಡಿದ್ದೆ! ಅವೆಲ್ಲ ಎಷ್ಟು ಮನೆಗಳಲ್ಲಿ ಪಟದ ಹಿಂದೆ ಕೂತಿವೆಯೋ ಎನಿಸಿತು. ಸಂಘದ ವಾರ್ಷಿಕ ಸಭೆಗೆ ಕನ್ನಡ ಚೀಟಿ ಬೇಕೆಂದು ಅರ್ಜಿ ಬರೆದುಕೊಟ್ಟೆ. ಅದರ ಮರುವರ್ಷವೂ ಕೊಟ್ಟೆ.

ಎರಡು ಸಾವಿರದ ನಂತರ ಮೂರೂ ಕೇಂದ್ರಗಳಿಗೆ ಕಂಪ್ಯೂಟರ್ ಬಂತು. ಅದಾಗಿ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಿಂದ ಸಂಘದವರು ಪ್ರೋಗ್ರಾಂ ಬರೆಸಿದರು. ಪರೀಕ್ಷೆಯ ಅಂಕಿ ತುಂಬಿದರೆ ಸಾಕು, ಇಷ್ಟು ಗೊಬ್ಬರ, ಇಂಥ ಹೊತ್ತಿಗೆ ಎಂದು ಕನ್ನಡದಲ್ಲಿ ಚೀಟಿ ಅಚ್ಚಾಗುತ್ತದಂತೆ. ಮೇ ತಿಂಗಳಲ್ಲಿ ಅದರ ಸಿಡಿ ಕೊರಿಯರ್‌ನಲ್ಲಿ ಬಂದಾಗ ಲಕೋಟೆಯನ್ನು ನಾನೇ ಕತ್ತರಿಸಿದೆ.

ಸಿಡಿ ಹಾಕಿದೆ. ಕೇಳಿದ್ದಕ್ಕೆಲ್ಲ ಹೌದು ಎಂದು ಒತ್ತಿದೆ. ಇನ್‌ಸ್ಟಾಲ್ ಆಯಿತು. ಪರದೆಯ ಮೇಲೆ ಮೂಡಿದ ಅದರ ಪುಟ್ಟ ಚಿತ್ರದ ಮೇಲೆ ಎರಡು ಸಲ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿಕೊಂಡಿತು, ಆಮೇಲೆ ಹೊಂದುವ ರನ್‌ಟೈಮ್ ಆವೃತ್ತಿ ಸಿಗಲಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ಅಷ್ಟೇ.

ಬೆಂಗಳೂರಿಗೆ ಫೋನ್ ಮಾಡಿದೆ. ಪ್ರೋಗ್ರಾಂ ಬರೆದ ಯುವಕ ಒಳ್ಳೆಯವನು, ಸಮಾಧಾನದಿಂದ ಹೇಳಿದ. ಪ್ರೋಗ್ರಾಂ ತಾನೇ ತಾನಾಗಿ ನಡೆಯುವುದಿಲ್ಲ. ಅದನ್ನು ನಡೆಸಲು ಕಂಪ್ಯೂಟರಿನಲ್ಲಿ ರನ್‌ಟೈಮ್ ಎಂಬ ಇನ್ನೊಂದು ತಂತ್ರಾಂಶ ಇರಬೇಕು. ಅದೂ ತಕ್ಕ ಆವೃತ್ತಿಯದಾಗಿರಬೇಕು. "ನಿಮ್ಮಲ್ಲಿ ಒನ್ ಪಾಯಿಂಟ್ ಫೋರ್ ಇದೆ ಮೇಡಂ. ನಾವು ಬರೆದಿರೋದು ಒನ್ ಪಾಯಿಂಟ್ ತ್ರೀಗೆ. ಇಂಟರ್ನೆಟ್‌ನಿಂದ ಇಳಿಸ್ಕೊಳ್ಳಿ," ಎಂದ.

ನಮ್ಮ ಕೇಂದ್ರದ ಮೇಲ್ವಿಚಾರಕರು ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯರು. ವಿಷಯ ಕೇಳಿ ಕನ್ನಡಕ ತೆಗೆದರು.

"ಏನಮ್ಮ, ನಮ್ಮತ್ರ ಇರೋದು ಹೊಸದು ಅಂತೀಯ. ಹೊಸದು ಇದ್ಮ್ಯಾಲೆ ಹಳೇದು ಯಾಕೆ ಬೇಕು?"

"ಹಳೇ ಪಂಪಿಗೆ ಹೊಸ ವಾಶರ್ ಕೂರಲ್ಲ ಸಾರ್, ಹಂಗೆ," ಎಂದೆ.

ಅವರು ಒಪ್ಪಿದಂತೆ ತಲೆ ಆಡಿಸಿದರು. ಆದರೆ ಇಳಿಸಿಕೊಳ್ಳುವುದು ಎಲ್ಲಿಂದ? ಇಂಟರ್ನೆಟ್ ಇದ್ದದ್ದು ಅದೇ ಫೋನ್ ಲೈನಿನಲ್ಲಿ. ಅರ್ಧ ಇಳಿಯುವಷ್ಟರಲ್ಲಿ ಲೈನು ಕಡಿದುಹೋಗುತ್ತಿತ್ತು. ಮತ್ತೆ ಮೊದಲಿಂದ. ಮೂರು ದಿನ ಹೀಗೇ ನೋಡಿ, ನಾಲ್ಕನೇ ದಿನ ರಜೆ ಬರೆದುಕೊಟ್ಟು ಚಿತ್ರದುರ್ಗದ ಬಸ್ಸು ಹತ್ತಿದೆ. ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಶಿಕ್ಷಕಿಯ ಬಗ್ಗೆ ಕೇಳಿದ್ದೆ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತವಾಗಿ ಬರುತ್ತಿದ್ದ ಸಿಡಿಗಳನ್ನು ಆಕೆ ಒಂದನ್ನೂ ಎಸೆಯುವುದಿಲ್ಲವೆಂದು ಯಾರೋ ಹೇಳಿದ್ದರು.

ಮಾತು ನಿಜವಾಗಿತ್ತು. ಚಪ್ಪಲಿ ಡಬ್ಬಗಳಲ್ಲಿ ಸಾಲಾಗಿ ಜೋಡಿಸಿಟ್ಟಿದ್ದರು. ನಾನು ಬಂದ ಕಾರಣ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದಕ್ಕೆ ಅಲ್ಲಿಂದ ಬಂದ್ರಾ? ಬರ್ರಿ, ಕುಂತ್ಕಳ್ರಿ. ಹುಡುಕಾಣ," ಎಂದರು. ಇಬ್ಬರೂ ನೆಲದ ಮೇಲೆ ಕುಳಿತು ಡಬ್ಬಗಳನ್ನು ಬರಿದು ಮಾಡಿದೆವು. ಮೂರನೇ ಡಬ್ಬದಲ್ಲಿ ಸಿಕ್ಕಿತು. ಆವೃತ್ತಿಯ ಸಂಖ್ಯೆಯನ್ನು ಎರಡು ಸಲ ಓದಿ ಖಚಿತ ಮಾಡಿಕೊಂಡೆ. ಸಿಡಿಯನ್ನು ಸೆರಗಿನ ಒಳಗೆ ಇಟ್ಟುಕೊಂಡು ಹಿರಿಯೂರಿಗೆ ಬಂದೆ.

ಹೊಸ ರನ್‌ಟೈಮನ್ನು ತೆಗೆದು ಹಳೆಯದನ್ನು ಹಾಕಿದೆ. ಮಣ್ಣಿನ ಪ್ರೋಗ್ರಾಂ ತೆರೆದುಕೊಂಡಿತು! ಪರದೆಯ ತುಂಬ ಕನ್ನಡ. ನಾನು ಕುರ್ಚಿಯಿಂದ ಎದ್ದೇ ನಿಂತೆ. ಆ ಸಂತೋಷ ಬಾಳಿದ್ದು ಮಾರನೆಯ ಬೆಳಿಗ್ಗೆಯವರೆಗೆ. ಬೀಜದ ದಾಸ್ತಾನಿನ ಲೆಕ್ಕ ಕಳಿಸಲು ಮೇಲ್ವಿಚಾರಕರು ದಿನವೂ ತೆರೆಯುತ್ತಿದ್ದ ಪ್ರೋಗ್ರಾಂ ಸತ್ತುಬಿದ್ದಿತ್ತು. ಅದಕ್ಕೆ ಹೊಸ ರನ್‌ಟೈಮೇ ಬೇಕಿತ್ತು.

"ಏನ್ ಮಾಡಿದ್ಯಮ್ಮ ಇದನ್ನ? ದುರ್ಗದ ಆಫೀಸಿಗೆ ಏನಂತ ಉತ್ತರ ಹೇಳ್ಲಿ?" ಎಂದು ಎಲ್ಲರೆದುರು ಕೂಗಾಡಿದರು. ನಾನು ಹಳೆಯದನ್ನು ತೆಗೆದು ಹೊಸದನ್ನು ಮತ್ತೆ ಕೂರಿಸಿದೆ. ಅವರ ಪ್ರೋಗ್ರಾಂ ಎದ್ದಿತು, ನನ್ನದು ಮಲಗಿತು.

ಬೆಂಗಳೂರಿನ ಯುವಕನಿಗೂ ದಾರಿ ತೋಚಲಿಲ್ಲ. "ಎರಡನ್ನೂ ಹಾಕಿದ್ರೆ ಗೊಂದಲ ಆಗುತ್ತೆ ಮೇಡಂ. ಹೊಸದಕ್ಕೆ ಹೊಂದೋ ಹಾಗೆ ನಾವೇ ಬದಲಾಯಿಸ್ತೀವಿ. ಮೂರ್ನಾಲ್ಕು ತಿಂಗಳು ಬೇಕು," ಎಂದ. ಅಷ್ಟರಲ್ಲಿ ಶೇಂಗಾ ಬಿತ್ತನೆ ಮುಗಿದು, ಮಣ್ಣು ತಂದವರೆಲ್ಲ ಇಂಗ್ಲಿಷ್ ಚೀಟಿ ಹಿಡಿದು ಮನೆಗೆ ಹೋಗಿರುತ್ತಾರೆ. ನನಗೆ ತಡೆಯಲಾಗಲಿಲ್ಲ. ಎರಡೂ ಆವೃತ್ತಿಗಳನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಹಾಕಿದೆ. ಆಗಲೂ ಮಣ್ಣಿನ ಪ್ರೋಗ್ರಾಂ ಏಳಲಿಲ್ಲ. ಸರಿ, ಅದು ಏಳುವುದಾದರೂ ಹೇಗೆ ಎಂದು ಹುಡುಕುತ್ತಾ ಹೋದೆ. ಆ ಚಿತ್ರದ ಹಿಂದೆ ಒಂದು ಪುಟ್ಟ ಫೈಲು ಇತ್ತು. ತೆರೆದು ನೋಡಿದರೆ ಒಳಗೆ ಮೂರೇ ಸಾಲು.

ಮಧ್ಯದ ಸಾಲು ರನ್‌ಟೈಮನ್ನು ಕರೆಯುತ್ತಿತ್ತು. ಬರೀ ಹೆಸರು ಹಿಡಿದು ಕರೆಯುತ್ತಿತ್ತು, ಅದು ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ನನಗೆ ಆಗ ಹೊಳೆಯಿತು. ನಮ್ಮ ಹಟ್ಟಿಯಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇದ್ದರು. ಯಾವ ಮನೆಯವನು ಎಂದು ಹೇಳದೆ ಕೂಗಿದರೆ ಹತ್ತಿರ ಇದ್ದವನೇ ಓ ಅನ್ನುತ್ತಿದ್ದ. ಇಲ್ಲಿಯೂ ಹೊಸ ರನ್‌ಟೈಮೇ ಮೊದಲು ಓ ಅನ್ನುತ್ತಿತ್ತು. ಹಾಗಾದರೆ ಮನೆ ಯಾವುದೆಂದು ಹೇಳಿಬಿಡೋಣ ಎಂದುಕೊಂಡು, ಹಳೆಯ ರನ್‌ಟೈಮ್ ಇದ್ದ ಫೋಲ್ಡರಿನ ಪೂರ್ತಿ ವಿಳಾಸವನ್ನು ಆ ಸಾಲಿನಲ್ಲಿ ಟೈಪ್ ಮಾಡಿದೆ.

ಆಗಲಿಲ್ಲ. ಬೇರೊಂದು ದೂರು ಬಂತು. ಊಟ ಬಿಟ್ಟು ಆ ಸಾಲನ್ನೇ ನೋಡುತ್ತಾ ಕುಳಿತೆ. ಅಕ್ಷರಗಳೆಲ್ಲ ಸರಿ. ಆದರೆ ವಿಳಾಸದ ನಡುವೆ, ಫೋಲ್ಡರಿನ ಹೆಸರಿನಲ್ಲಿ, ಎರಡು ಪದಗಳ ಮಧ್ಯೆ ಒಂದು ಜಾಗ ಇತ್ತು. ನನ್ನ ಕಣ್ಣು ಅಲ್ಲೇ ನಿಂತಿತು. ಆ ಜಾಗ ಬಂದ ಕೂಡಲೇ ಯಂತ್ರ ವಿಳಾಸ ಮುಗಿಯಿತು ಎಂದುಕೊಳ್ಳುತ್ತಿರಬಹುದೇ? ಹಳೆಯ ರನ್‌ಟೈಮನ್ನು ತೆಗೆದು, ನಡುವೆ ಜಾಗವಿಲ್ಲದ ಒಂದೇ ಪದದ ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಹಾಕಿದೆ. ಸಾಲನ್ನು ತಿದ್ದಿ, ಚಿತ್ರದ ಮೇಲೆ ಒತ್ತಿದೆ.

ಮಣ್ಣಿನ ಪ್ರೋಗ್ರಾಂ ತೆರೆಯಿತು. ಅದನ್ನು ಹಾಗೇ ಬಿಟ್ಟು ಬೀಜದ ಪ್ರೋಗ್ರಾಂ ಮೇಲೆ ಒತ್ತಿದೆ. ಅದೂ ತೆರೆಯಿತು. ಎರಡೂ ಪಕ್ಕಪಕ್ಕದಲ್ಲಿ.

ಮೇಲ್ವಿಚಾರಕರನ್ನು ಕರೆದೆ. ಅವರು ಬೀಜದ ಲೆಕ್ಕವನ್ನು ಒಂದು ಸಲ ಮೇಲೆ ಕೆಳಗೆ ನೋಡಿ, ಆಮೇಲೆ ಪಕ್ಕದ ಕಿಟಕಿಯ ಕನ್ನಡ ಸಾಲುಗಳನ್ನು ಗಟ್ಟಿಯಾಗಿ ಓದಿದರು. "ಬೆಂಗಳೂರಿನೋರು ಮಾಡಿಕೊಟ್ರಾ?" ಎಂದು ಕೇಳಿದರು.

"ಇಲ್ಲ ಸಾರ್. ನಾನೇ."

ಅವರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅಟೆಂಡರ್ ಎಲ್ಲರಿಗೂ ಚಹಾ ತಂದ. ಮೊದಲ ಲೋಟ ನನ್ನ ಮೇಜಿಗೆ ಬಂತು. ಎಲ್ಲರೆದುರು ಬೈದಿದ್ದವರು ಎಲ್ಲರೆದುರೇ ಹೇಳಿದರು: "ಅವತ್ತು ನಾನು ಮಾತು ಜಾಸ್ತಿ ಆಡ್ದೆ ಕಣಮ್ಮ. ಈ ಕೆಲ್ಸ ನಮ್ಮಲ್ಲಿ ಇನ್ಯಾರ ಕೈಲೂ ಆಗ್ತಿರ್ಲಿಲ್ಲ."

ಬಬ್ಬೂರಿನ ಅಜ್ಜಿ ಆ ವರ್ಷ ಮೊಮ್ಮಗಳನ್ನೇ ಕರೆದುಕೊಂಡು ಬಂದಿದ್ದಳು. ಚೀಟಿ ಕೈಗೆ ಕೊಟ್ಟೆ. ಆ ಹುಡುಗಿ ಬಾಗಿಲಲ್ಲೇ ನಿಂತು ಶುರುವಿನಿಂದ ಕೊನೆಯವರೆಗೆ ಓದಿದಳು. ಅಜ್ಜಿ ನಡುವೆ ತಡೆದು, "ಜಿಪ್ಸಮ್ಮು ಯಾವಾಗ ಅಂತೈತೆ? ಅದನ್ನ ಇನ್ನೊಂದ್ಸಲ ಓದು," ಎಂದು ಕೇಳಿಸಿಕೊಂಡಳು. ನಾನು ಬಾಯಿ ಹಾಕಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಅದೇ ತೊಂದರೆ ಎಂದು ಗೊತ್ತಾಯಿತು. ಮುಖ್ಯ ಕಚೇರಿಯವರು ನನ್ನನ್ನೇ ಹೋಗಲು ಹೇಳಿದರು. ಹೊಸದುರ್ಗದ ಕೇಂದ್ರದಲ್ಲಿ ಒಂದು ಗಂಟೆಯ ಕೆಲಸ. ತೆಂಗಿನ ತೋಟದವರು ಮೂವರು ಚೀಟಿಗಾಗಿ ಕಾಯುತ್ತಿದ್ದರು, ಕೊಟ್ಟೇ ಹೊರಟೆ. ಹೊಳಲ್ಕೆರೆಯಲ್ಲಿ ಹಾಗಾಗಲಿಲ್ಲ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಕುರ್ಚಿ ಬಿಟ್ಟು ಏಳಲೇ ಇಲ್ಲ.

"ನಾನು ಡಿಪ್ಲೊಮಾ ಮಾಡಿದೋನು. ನನಗೆ ಆಗ್ದಿದ್ದು ಟೈಪಿಸ್ಟಿಗೆ ಆಗ್ತೈತಾ?" ಎಂದರು.

"ಹಂಗಾದ್ರೆ ನೀವೇ ಮಾಡ್ರಿ. ನಾನು ಹಿಂದೆ ನಿಂತು ಹೇಳ್ತೀನಿ," ಎಂದೆ.

ನಾನು ಹೇಳುತ್ತಾ ಹೋದೆ, ಅವರು ಒತ್ತುತ್ತಾ ಹೋದರು. ಫೋಲ್ಡರಿನ ಹೆಸರಿನ ಹತ್ತಿರ ಬಂದಾಗ, "ನಡುವೆ ಜಾಗ ಬಿಡಬ್ಯಾಡ್ರಿ," ಎಂದೆ. ಅವರು ತಿರುಗಿ ನನ್ನ ಮುಖ ನೋಡಿದರು. ವಾರಗಟ್ಟಲೆ ಅವರನ್ನು ಕಾಡಿದ್ದು ಅದೇ ಎಂದು ಆ ನೋಟದಲ್ಲೇ ತಿಳಿಯಿತು. ಪ್ರೋಗ್ರಾಂ ತೆರೆದಾಗ ಎದ್ದು ನಿಂತು, "ಕುಂತ್ಕಳ್ರಿ ಮೇಡಂ. ಇನ್ನೊಂದ್ಸಲ ನಿಧಾನಕ್ಕೆ ಹೇಳ್ರಿ, ಬರ್ಕಂತೀನಿ," ಎಂದರು.

ಅವರು ಬರೆದುಕೊಂಡದ್ದನ್ನು ನೋಡಿ ನಾನೂ ಕ್ರಮವಾಗಿ ಒಂದು ಪುಟ ಬರೆದು ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿದೆ. ಆ ಯುವಕ ಫೋನ್ ಮಾಡಿ, "ಮೇಡಂ, ಇನ್ನು ಪ್ರೋಗ್ರಾಂ ಬದಲಾಯಿಸೋ ಅಗತ್ಯ ಇಲ್ಲ, ನಮ್ಮ ಕೈಪಿಡಿಗೆ ಇದನ್ನೇ ಸೇರಿಸ್ತೀವಿ. ನೀವು ಎಲ್ಲಿ ಕಲಿತ್ರಿ?" ಎಂದು ಕೇಳಿದ. ಟೈಪಿಂಗ್ ಶಾಲೆಯಲ್ಲಿ ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕ. ಮುಂದಿನ ಸಿಡಿಯ ಜೊತೆ ಬಂದ ಕೈಪಿಡಿಯಲ್ಲಿ ನನ್ನ ಪುಟ ಹಾಗೇ ಇತ್ತು, ಒಂದು ಅಲ್ಪವಿರಾಮವನ್ನೂ ಬದಲಿಸಿರಲಿಲ್ಲ.

ಮರುವರ್ಷ ಸಂಘದವರು ಚಿತ್ರದುರ್ಗದಲ್ಲಿ ಎಲ್ಲ ಸಿಬ್ಬಂದಿಗೆ ಎರಡು ದಿನದ ತರಬೇತಿ ಇಟ್ಟರು. ಕಲಿಸಲು ನನ್ನನ್ನು ಕರೆದರು. ಹೋಗುವ ಮುನ್ನ ಅಪ್ಪನಿಗೆ ಹೇಳಿದೆ. ಅವನು ಹಟ್ಟಿಯ ಕಟ್ಟೆಯ ಮೇಲೆ ಕುಳಿತು ಕರಿ ಕಂಬಳಿ ಕೊಡವುತ್ತಿದ್ದ.

"ಅಲ್ಲಿ ಗಂಡಸ್ರೂ ಇರ್ತಾರೇನವ್ವ?"

"ಗಂಡಸ್ರೇ ಜಾಸ್ತಿ ಅಪ್ಪ."

"ಅವರಿಗೆ ನೀನು ಹೇಳ್ಕೊಡಾದು?"

"ಹೂಂ."

ಅಪ್ಪ ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ಕಡೆ ತಿರುಗಿ, ನನಗೂ ಕೇಳಿಸುವಷ್ಟು ಜೋರಾಗಿ, "ಕೇಳ್ದೇನಲೇ?" ಎಂದ.

ತರಬೇತಿಯ ಮೊದಲ ದಿನ ಕೋಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಬೋರ್ಡಿನ ಮೇಲೆ ಆ ಮೂರು ಸಾಲುಗಳನ್ನು ಬರೆದು, ಮಧ್ಯದ ಸಾಲಿನ ಕೆಳಗೆ ಗೆರೆ ಎಳೆದೆ. ಅವತ್ತು ಸಂಜೆಯೊಳಗೆ ಅವರೆಲ್ಲರೂ ತಮ್ಮ ಕೈಯಾರೆ ಎರಡು ರನ್‌ಟೈಮ್‌ಗಳನ್ನು ಒಂದೇ ಯಂತ್ರದಲ್ಲಿ ಕೂರಿಸಿ, ತಮ್ಮ ತಮ್ಮ ಹೊಲದ ಹೆಸರಿನಲ್ಲಿ ಒಂದೊಂದು ಕನ್ನಡ ಚೀಟಿ ಅಚ್ಚು ಹಾಕಿಕೊಂಡು ಹೋದರು.