ತಕ್ ಅಂದವನ ತಾಟು

ಚೌಡಾಪುರದ ರಸ್ತೆ ಬದಿ ಖಾನಾವಳಿ ನಡೆಸುವ ಶಾರದಾಬಾಯಿಗೆ ಎರಡು ಹಟ. ಬಂದವರು ಹಸಿದು ಏಳಬಾರದು. ಮಾತಿನ ಕೊನೆಗೆ 'ರಿ' ಬಿಡಬಾರದು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿಯಲು ಕೂತಾಗ 'ಏ ಬಾಯಿ, ತಾ ಇಲ್ಲಿ' ಎಂದವರನ್ನೆಲ್ಲ ತಿದ್ದಿ ತಿದ್ದಿ ಅಕ್ಕಾರ ಎನ್ನಿಸಿಕೊಂಡವರು ಅವರು. ಅಫಜಲಪುರದ ಬಸ್ಸಿಗೆ ಕಾಯುತ್ತ ಅಲ್ಲೇ ಉಣ್ಣುವ ನಾನೂ ಬೈಸಿಕೊಂಡವನೇ.

ಮೊನ್ನೆ ಗಾಣಗಾಪುರ ನೋಡಿಕೊಂಡು ನಾರ್ವೆ ದೇಶದ ಓಲಾವ್ ಎಂಬ ಮುದುಕ ಬಂದ. ಅವನ ಡ್ರೈವರ್ ಖಮರ ಟೈರಿಗೆ ಗಾಳಿ ಹಾಕಿಸಲು ಹೋಗಿದ್ದ. ಶಾರದಾಬಾಯಿ ಕಡಕ್ ರೊಟ್ಟಿ ನೀಡಹೋದರೆ ಮುದುಕ ನಕ್ಕು, "ತಕ್" ಎಂದ. ಅಕ್ಕಾರಿಗೆ ಕೇಳಿಸಿದ್ದು 'ತಕ್ಕೋ'. ನನಗೆ ಬೇಡ, ನೀನೇ ತಕ್ಕೋ! ಅದೂ 'ರಿ' ಇಲ್ಲದೆ! ರೊಟ್ಟಿ ಬುಟ್ಟಿಗೆ ವಾಪಸ್ಸಾಯಿತು. ಪಲ್ಯ ತಂದರು. "ತಕ್." ಅದೂ ವಾಪಸ್. ಅನ್ನಕ್ಕೂ ಅದೇ ಗತಿ. ಪಾಪ, ಅವನ ತಾಟಿನಲ್ಲಿ ಉಳಿದದ್ದು ಉಳ್ಳಾಗಡ್ಡಿ ಹೋಳು ಮಾತ್ರ.

"ನೋಡ್ರಿ ಮಾಸ್ತರ, ಊಟಾನೂ ಒಲ್ಲ, ಮರ್ಯಾದೀನೂ ಇಲ್ಲ," ಎಂದು ಅಕ್ಕಾರು ನನ್ನ ಕಡೆ ತಿರುಗಿ ಗೊಣಗಿದರು. ನನಗೂ ಹಾಗೇ ಕೇಳಿಸಿತ್ತು, ತಲೆಯಾಡಿಸಿದೆ. ಮುದುಕ ಇನ್ನಷ್ಟು ಹೊತ್ತು ಕಾದು, ಕೈಮುಗಿದು ಎದ್ದ.

ಬಾಗಿಲಲ್ಲೇ ಎದುರಾದ ಖಮರ ಅವನನ್ನು ಹರಕು ಇಂಗ್ಲಿಷಿನಲ್ಲಿ ವಿಚಾರಿಸಿ ಒಳಗೆ ಬಂದ. "ಅಕ್ಕಾರ, ತಕ್ ಅಂದ್ರ ಅವ್ರ ಭಾಷಾದಾಗ ಶುಕ್ರಿಯಾ ಅಂತ್ರಿ. ಮುಂಜಾನಿಂದ ಏನೂ ತಿಂದಿಲ್ರಿ ಅವ್ರು."

"ಯವ್ವಾ! ಹಸದವ್ರ ಮುಂದಿನ ಅನ್ನ ನನ್ನ ಕೈಲೇ ತಗದ್ನಲ್ಲ!" ಶಾರದಾಬಾಯಿಯ ಕಣ್ಣು ತುಂಬಿತು. ಮುದುಕನ ಕೈಹಿಡಿದು ತಂದು ಕೂಡಿಸಿದರು. "ಖಮರ, ಅವ್ರ ಊರಾಗ ಬಂದವ್ರಿಗಿ ಏನ್ ಉಣ್ಣಾಕ ಕೊಡ್ತಾರ, ಕೇಳಪಾ."

ಮುದುಕ ಹೇಳಿದ್ದನ್ನು ಖಮರ ಕನ್ನಡಕ್ಕೆ ತಂದ. ಅಲ್ಲಿಯ ಹಳೇ ಹೋಟೆಲುಗಳಲ್ಲಿ ದಾರಿಹೋಕರಿಗೆ ಹುಳಿ ಬಂದ ಕೆನೆಯಲ್ಲಿ ಹಿಟ್ಟು ಕುದಿಸಿದ ಗಂಜಿ, ಮೇಲೆ ಬೆಣ್ಣೆ, ಸಕ್ಕರೆ. ಜೊತೆಗೆ ತೆಳ್ಳನೆಯ ಒಣ ರೊಟ್ಟಿ; ಅದನ್ನು ಬೇಯಿಸಿಟ್ಟು ಚಳಿಗಾಲವೆಲ್ಲ ತಿನ್ನುತ್ತಾರಂತೆ.

"ಅದು ನಮ್ಮ ಕಡಕ್ ರೊಟ್ಟೀನೇ ಬಿಡ್ರಿ!" ಎಂದವರೇ ಅಕ್ಕಾರು ಒಲೆಯ ಮುಂದೆ ಕೂತರು. ಕೆನೆ ಮೊಸರಿಗೆ ಜೋಳದ ಹಿಟ್ಟು ಕಲಸಿ ಕುದಿಸಿ, ಬೆಣ್ಣೆ ಹಾಕಿ, ಸಕ್ಕರೆ ಉದುರಿಸಿ, ರೊಟ್ಟಿ ಮುರಿದಿಟ್ಟರು. ಮುದುಕ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿ ಚಪ್ಪರಿಸಿದ. ಆಮೇಲೆ "ತಕ್" ಎಂದ. ಒಂದು ಸೌಟು ಬಿತ್ತು. ಮತ್ತೆ "ತಕ್". ಮತ್ತೊಂದು ಸೌಟು. ಕೊನೆಗೆ ಎರಡೂ ಕೈಯಿಂದ ತಾಟು ಮುಚ್ಚಿಕೊಂಡ.

ಕಾರು ಹತ್ತುವಾಗ ಅವನು ಇನ್ನೊಮ್ಮೆ ಬಾಯಿ ತೆರೆಯುವ ಮೊದಲೇ ಶಾರದಾಬಾಯಿ ಕೈಮುಗಿದುಬಿಟ್ಟರು.

"ತಕ್ ರೀ, ಯಪ್ಪಾ. ಸಿಟ್ಟಾಗ್ದ ಕುಂತು ಉಂಡ್ರಿ. ತಕ್ ರೀ."