ಅಮಾವಾಸ್ಯೆಯ ಪೂಜೆಗೆ ಕೂತ ಲ್ಯಾಪ್‌ಟಾಪ್

ಸಂತೆಯಿಂದ ಬಂದು ಬಾಗಿಲು ತಳ್ಳಿದರೆ ನನ್ನ ಲ್ಯಾಪ್‌ಟಾಪಿಗೆ ಪೂಜೆ ಆಗಿಹೋಗಿತ್ತು. ಚಾರ್ಜಿಗೆ ಹಾಕಿ ತೆರೆದಿಟ್ಟೇ ಹೋಗಿದ್ದೆ. ಅಂಗೈ ಊರುವ ಜಾಗದಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂ, ಎದುರಿಗೆ ನಿಂಬೆಹಣ್ಣು. ಈ ಇಂಡಿ ಊರಿನಲ್ಲಿ ನಿಂಬೆಗೇನೂ ಬರವಿಲ್ಲ.

ಗಂಡನಿಗೆ ಕಾಲುವೆಯ ಕೆಲಸ ಸಿಕ್ಕಿ ನಾವು ಕುಂದಾಪುರದಿಂದ ಇಲ್ಲಿಗೆ ಬಂದೆವು. ಗಂಗವ್ವನ ಮನೆಯ ಹಿಂದಿನ ಎರಡು ಖೋಲಿಯಲ್ಲಿ ವಾಸ. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ ಬಂತು, ಬೆವರಿನ ಜಾಗಕ್ಕೆ ಒಣಬಿಸಿಲು ಬಂತು. ಇಲ್ಲಿನವರ ಮಾತು ಮೊದಮೊದಲು ಜಗಳದ ಹಾಗೆ ಕೇಳಿ, ನಾನು ಸುಮ್ಮಸುಮ್ಮನೆ ಹೆದರುತ್ತಿದ್ದೆ. ಊರಿನಿಂದ ಜೊತೆಗೆ ಬಂದದ್ದು ಒಂದೇ, ನನ್ನ ಕೆಲಸ. ಅಲ್ಲಿನ ಒಂದು ಸಣ್ಣ ಮುದ್ರಣಾಲಯಕ್ಕೆ ಲ್ಯಾಪ್‌ಟಾಪಿನಲ್ಲೇ ಪುಸ್ತಕದ ಪುಟ ಜೋಡಿಸಿ ಕಳಿಸಿಕೊಡುವುದು.

ಆ ದಿನ ಸಂಜೆಯೊಳಗೆ ನಮ್ಮ ಕಡೆಯ ಅಡುಗೆಯ ಪುಸ್ತಕವೊಂದು ಹೋಗಬೇಕಿತ್ತು. ಮಾಲೀಕರು ಮೊದಲೇ ಅನುಮಾನದ ಮನುಷ್ಯ. "ಅಲ್ಲ್ ಕೂಕಂಡ್ ಆತ್ತಾ? ಆಪುದಿಲ್ಲಾಂದ್ರೆ ಹೇಳಿ, ಇಲ್ಲೇ ಯಾರಿಗಾರೂ ಕೊಡ್ತೆ" ಎಂದಿದ್ದರು. ಆಗುತ್ತದೆ ಎಂದು ಬಿಗುಮಾನದಿಂದ ಒಪ್ಪಿಕೊಂಡಿದ್ದೆ. ಈ ಪುಸ್ತಕ ತಪ್ಪಿದರೆ ಊರಿನಲ್ಲಿ ನನ್ನ ಹೆಸರು ಹಿಡಿದು ಕಾಯುವವರು ಅಮ್ಮನೊಬ್ಬಳೇ ಉಳಿಯುತ್ತಾಳೆ ಎಂಬ ಅಳುಕು ಒಳಗೊಳಗೇ ಇತ್ತು.

ಹೂ ತೆಗೆದು, ವಿಭೂತಿ ಒರೆಸಿ, ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ಆದರೆ ಮಾಮೂಲಿ ಪರದೆ ಬರುವ ಬದಲು ಯಂತ್ರದ ಒಳ ಹೊಂದಾಣಿಕೆ ತಿದ್ದುವ ಬೂದುಬಣ್ಣದ ಸೆಟಪ್ ಪರದೆ ಬಂದು ನಿಂತಿತು. ಅದರಿಂದ ಹೊರಬಂದರೆ ಲ್ಯಾಪ್‌ಟಾಪ್ ತಾನೇ ಆರಿ, ತಾನೇ ಹೊತ್ತಿಕೊಂಡು ಮತ್ತೆ ಅಲ್ಲಿಗೇ ಬಂತು. ಕರೆಂಟಿನ ಏರುಪೇರಿರಬೇಕೆಂದು ಚಾರ್ಜರ್ ಕಿತ್ತೆ. ಮೌಸು, ಪೆನ್‌ಡ್ರೈವ್ ತೆಗೆದೆ. ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ಆರಿಸಿ, ಸ್ವಲ್ಪ ತಡೆದು ಹೊತ್ತಿಸಿದೆ. ಮತ್ತದೇ ಬೂದು.

ರಿಪೇರಿ ಅಂಗಡಿಗೆ ಫೋನು ಮಾಡಿದೆ. "ಇವತ್ತ ಅಮಾಸಿ ಐತ್ರಿ ಮೇಡಮ್, ಅಂಗಡಿ ಬಂದ್. ನಾಳಿಗೆ ಬರ್ರಿ" ಎಂದಿತು ಆ ಕಡೆಯ ದನಿ. ನಾಳೆಗೆ ಹೋಗಿ ನಾನೇನು ಮಾಡಲಿ? ಅಳು ಬಂತು. ಅತ್ತು ಆಗುವುದೇನೂ ಇರಲಿಲ್ಲ, ಕಣ್ಣೊರೆಸಿಕೊಂಡು ಕೂತೆ. ಏನಾದರಾಗಲಿ, ಇವತ್ತೇ ಇದನ್ನು ಎಬ್ಬಿಸುವುದು ಎಂದು ಹಟ ಹಿಡಿದೆ.

ಯೋಚಿಸಿದೆ. ಶುರುವಾಗುವಾಗ ಮೇಲಿನ ಸಾಲಿನ ಎಫ್‌ಟು ಕೀಲಿ ಒತ್ತಿದರೆ ಮಾತ್ರ ಈ ಪರದೆ ಬರಬೇಕು. ನಾನಂತೂ ಒತ್ತಿಲ್ಲ. ಆ ಸಾಲಿನ ಮೇಲೆ ಬೆರಳಾಡಿಸಿದೆ. ಎಫ್‌ಟು ಒಳಗೆ ಕೂತದ್ದು ಮೇಲೇಳಲೇ ಇಲ್ಲ. ಬೆರಳು ಅಂಟಂಟಾಯಿತು. ಮೂಸಿದರೆ ತೆಂಗಿನಕಾಯಿ.

ಸಿಟ್ಟು ನೆತ್ತಿಗೇರಿತು. ಅಂಗಳದಲ್ಲಿದ್ದ ಗಂಗವ್ವನನ್ನು ಕರೆದು, ಕೇಳದೆ ಯಾಕೆ ಮುಟ್ಟಿದಿರಿ ಎಂದು ಗಡುಸಾಗಿಯೇ ಕೇಳಿದೆ.

ಗಂಗವ್ವ ಗಾಬರಿಯಾಗಲಿಲ್ಲ. "ಎಲ್ಲಾ ಮಷೀನಿಗೂ ಕಾಯಿ ಒಡದೇನಿ. ಮೋಟರ್, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ. ಅದ ನೀರು ಎಲ್ಲಾದಕ್ಕೂ ಹೊಡದೇನಿ. ನಿಂದೊಂದ ಬಿಟ್ರ ಹ್ಯಾಂಗವಾ? ಇದೂ ನಮ್ಮ ಮನ್ಯಾಗ ದುಡಿಯೂದ ಐತಲ್ಲ."

ನಮ್ಮಲ್ಲಿ ಯಂತ್ರಗಳಿಗೆ ವರ್ಷಕ್ಕೊಮ್ಮೆ, ಆಯುಧಪೂಜೆಯಲ್ಲಿ ಕುಂಕುಮ. ಇಲ್ಲಿ ಅಮಾವಾಸ್ಯೆ ಅಮಾವಾಸ್ಯೆಗೂ. ನಾವು ಬಂದ ಮೇಲೆ ಇದೇ ಮೊದಲ ಅಮಾವಾಸ್ಯೆ, ಗೊತ್ತಿದ್ದರೆ ಮುಚ್ಚಿಟ್ಟಾದರೂ ಹೋಗುತ್ತಿದ್ದೆ. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಬೈಯಲು ಬಾಯಿ ಬರಲಿಲ್ಲ.

"ಹಿಡೀರಿ" ಎಂದೆ. ಆರಿಸಿದ ಲ್ಯಾಪ್‌ಟಾಪನ್ನು ಗಂಗವ್ವ ಹಸುಗೂಸಿನಂತೆ ಓರೆಯಾಗಿ ಹಿಡಿದಳು. ನಾನು ಉಗುರಿನಿಂದ ಕೀಲಿಯ ಟೊಪ್ಪಿ ಎಬ್ಬಿಸಿ, ಗಾಯ ತೊಳೆಯುವ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂಟು ಬಿಡಿಸಿದೆ. ಒಣಗಲು ಬಿಟ್ಟೆವು. ಆ ಹೊತ್ತಿಗೆ ಅವಳು ಪೂಜೆಯ ನಿಂಬೆಹಣ್ಣು ಹಿಂಡಿ ಶರಬತ್ತು ಮಾಡಿಕೊಟ್ಟಳು. ಟೊಪ್ಪಿ ಕೂರಿಸಿ ಒತ್ತಿದರೆ ಕೀಲಿ ಟಕ್ಕೆಂದು ಮೇಲೆದ್ದಿತು.

ಗುಂಡಿ ಒತ್ತಿದೆ. ಮಾಮೂಲಿ ಪರದೆ ಬಂತು. "ಬಂತೇನವಾ?" ಎಂದಳು. "ಬಂತ್ರಿ" ಎಂದೆ. ಉಳಿದ ಪುಟಗಳನ್ನು ಮುಗಿಸಿ, ಹೊತ್ತು ಮುಳುಗುವ ಮೊದಲೇ ಕಳಿಸಿದೆ. ಮಾಲೀಕರಿಂದ ಉತ್ತರ ಬಂತು: "ಸಿಕ್ತ್. ಮುಂದಿನ ಪುಸ್ತಕವೂ ನೀವೇ ಮಾಡಿ." ಅದನ್ನು ಗಂಗವ್ವನಿಗೂ ಓದಿ ಹೇಳಿದೆ.

ಮುಂದಿನ ಅಮಾವಾಸ್ಯೆಗೆ ಗಂಗವ್ವ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಅದನ್ನು ಕಂಡು ನನಗೆ ಸಂಕಟವಾಯಿತು. ಲ್ಯಾಪ್‌ಟಾಪನ್ನು ಮುಚ್ಚಿ, ನಾನೇ ಒಯ್ದು ಹಿಟ್ಟಿನ ಗಿರಣಿಯ ಪಕ್ಕ ಇಟ್ಟು, "ನೀರು ಬ್ಯಾಡ್ರಿ, ಕುಂಕುಮ ಹಚ್ರಿ" ಎಂದೆ.

ಆ ಸಂಜೆ ಅಮ್ಮ ವಿಡಿಯೋ ಕರೆ ಮಾಡಿದಾಗ ನನ್ನ ಹಿಂದಿದ್ದ ಲ್ಯಾಪ್‌ಟಾಪಿನ ಬೆನ್ನು ಕಂಡಿತು. "ಅದಕ್ ಕುಂಕುಮ ಎಂತಕೆ? ನವರಾತ್ರಿ ಇನ್ನೂ ದೂರ ಇತ್ತಲೆ. ಯಾರ್ ಮನಿ ಪೂಜಿ?"

"ನಮ್ಮನೇದು" ಎಂದುಬಿಟ್ಟೆ.

ಕುಂದಾಪುರದಲ್ಲಿ ಅಮ್ಮ ಕೂತಿದ್ದದ್ದೂ ನಮ್ಮನೆಯ ಜಗಲಿಯಲ್ಲೇ.