ಎದುರುಮನೆ ಅಕ್ಕನ ಒಲೆಯ ವಿಳಾಸ

ಅಕ್ಕನ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಬಡಿದು ಎಲ್ಲ ಸವೆದುಹೋಗಿದ್ದವು. ಕೊಟ್ಟೂರಿನ ನನ್ನ ಝೆರಾಕ್ಸ್ ಅಂಗಡಿಯ ಬೆರಳಚ್ಚು ಯಂತ್ರ ನಾಲ್ಕು ಸಲ ಒತ್ತಿದರೂ ಆಕೆಯನ್ನು ಗುರುತಿಸಲಿಲ್ಲ. "ನೋಡವ್ವಾ, ನಾ ಇಲ್ಲಂತ ಹೇಳಾಕತ್ತೈತಿ ಇದು," ಎಂದು ನಕ್ಕಳು. ಕೊನೆಗೆ ಮೊಬೈಲಿಗೆ ಬಂದ ಓಟಿಪಿಯಿಂದ ಆಕೆಯ ಅಡಿಗೆ ವ್ಯಾಪಾರದ ಅರ್ಜಿ ಮುಗಿಸಿದೆ.

ಎದುರುಮನೆಯವಳಾದ್ದರಿಂದ ನನಗೆ ಅಕ್ಕ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಹಿತ್ತಲ ಕೋಣೆಯಲ್ಲಿದ್ದಳು. ಅವರ ಮನೆಗೆಲಸವೆಲ್ಲ ಮುಗಿಸಿ, ಅಲ್ಲೇ ತಗಡಿನ ಕೆಳಗೆ ರೊಟ್ಟಿ, ಹೋಳಿಗೆ, ಮಿರ್ಚಿ ಬಜ್ಜಿ ಮಾಡಿ ಕಾರ್ಯಗಳಿಗೆ ಕೊಡುತ್ತಿದ್ದಳು. ಸಂತೆಗೆ ಹೋಗುವುದಕ್ಕೂ ಮೈದುನನ ಮುಖ ನೋಡಬೇಕಿತ್ತು. ಒಂದು ಬಾಡಿಗೆ ಕೋಣೆ ಹಿಡಿದು, ತನ್ನ ಬಾಗಿಲಿಗೆ ತಾನೇ ಕೀಲಿ ಹಾಕಿಕೊಳ್ಳಬೇಕು ಎನ್ನುವುದೊಂದೇ ಆಕೆಯ ಆಸೆ.

ಹುಡುಗಿಯರ ಖಾಸಗಿ ಹಾಸ್ಟೆಲ್ಲೊಂದು ದಿನಾ ರೊಟ್ಟಿ ತೆಗೆದುಕೊಳ್ಳಲು ಒಪ್ಪಿದಾಗ ಅದಕ್ಕೆ ದಾರಿ ಕಂಡಿತು. ಆದರೆ ಅವರು ಆಹಾರ ಸುರಕ್ಷತೆಯ ನೋಂದಣಿ, ಅಡಿಗೆ ಜಾಗದ ಅಪಘಾತ ವಿಮೆ ಎರಡೂ ಬೇಕೆಂದರು. ನೋಂದಣಿಗೆ ಅಡಿಗೆ ಮಾಡುವ ಜಾಗದ ಪುರಾವೆ ಬೇಕು. ಜಾಗ ಮೈದುನನದು.

"ಇವತ್ತು ಸಹಿ ಮಾಡಿದ್ರ ನಾಳಿ ಪಾಲು ಕೇಳ್ತಾಳ," ಎಂದು ಅವನು ಎದ್ದು ಹೋದ.

ನಾನೋ, ಊರವರ ಅರ್ಜಿಗಳನ್ನೆಲ್ಲ ತುಂಬಿ ದೊಡ್ಡ ಜಾಣೆ ಎನಿಸಿಕೊಂಡವಳು. ಅಕ್ಕ ನನ್ನ ಮನೆಯಲ್ಲೇ ವಾಸ, ಅಡಿಗೆಯೂ ಅಲ್ಲೇ ಎಂದು ಬರೆದು ನೋಂದಣಿ ಮಾಡಿಸಿದೆ. ವಿಮೆಗೂ ಅದೇ ವಿಳಾಸ ಕೊಟ್ಟೆ. "ಯಾರೂ ನೋಡಾಕ ಬರಂಗಿಲ್ಲ ಬಿಡಕ್ಕಾ," ಎಂದೆ.

ಅಕ್ಕ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. "ಅವರು ಬರದಿದ್ರೂ ನಾವು ಅದೀವಲ್ಲ ತಂಗಿ. ಕಾಗದದಾಗ ಎಲ್ಲೈತೋ, ಒಲಿನೂ ಅಲ್ಲೇ ಇರಬೇಕು."

ಮರುದಿನ ಬೆಳಿಗ್ಗೆಯೇ ಒಲೆ, ಸಿಲಿಂಡರು, ರೊಟ್ಟಿ ಹಂಚು ನನ್ನ ಹಿತ್ತಲಿಗೆ ಬಂದವು. ಮಲಗಲು ಮಾತ್ರ ಅಕ್ಕ ಮೈದುನನ ಕೋಣೆಗೇ ಹೋಗುತ್ತಿದ್ದಳು. ಒಲೆಗೆ ವಿಭೂತಿ ಹಚ್ಚದೆ ಹೊತ್ತಿಸುತ್ತಿರಲಿಲ್ಲ. ತಲೆಗೆ ಬಟ್ಟೆ ಕಟ್ಟದಿದ್ದರೆ ನನ್ನ ಹಿತ್ತಲಿಗೆ ನನ್ನನ್ನೇ ಬಿಡುತ್ತಿರಲಿಲ್ಲ. "ನಿನ್ನ ಕೂದಲು ಹುಡುಗ್ಯಾರ ಬಾಯಾಗ ಹೋಗಬೇಕೇನು?" ಎಂದು ಗದರುತ್ತಿದ್ದಳು. ಬಾಡಿಗೆ ಕೋಣೆಯನ್ನೂ ನೋಡಿಟ್ಟಿದ್ದಳು.

ಅಷ್ಟರಲ್ಲಿ ನನ್ನ ಮಾವ ತೀರಿಕೊಂಡರು. ನಮ್ಮ ಮನೆಗೆ ಸೂತಕ. ಅದೇ ವಾರ ಹಗರಿಬೊಮ್ಮನಹಳ್ಳಿಯ ಒಂದು ಸೀಮಂತಕ್ಕೆ ಅಕ್ಕ ಅಡಿಗೆ ಒಪ್ಪಿಕೊಂಡಿದ್ದಳು. "ಸತ್ತ ಮನಿಯಾಗ ಮಾಡಿದ ಅಡಿಗಿ ಬಸುರಿಗೆ ಬ್ಯಾಡ್ರಿ," ಎಂದು ಅವರು ಹೇಳಿ ಕಳಿಸಿದರು. ಮಾತು ಕೊಟ್ಟಾಗಿತ್ತು. ಒಂದು ದಿನದ ಮಟ್ಟಿಗೆಂದು ಅಕ್ಕ ಒಲೆಯನ್ನು ಮತ್ತೆ ಮೈದುನನ ತಗಡಿನ ಕೆಳಗೆ ಸಾಗಿಸಿದಳು. ಅಲ್ಲಿನ ನೆಲ ತಗ್ಗುದಿಣ್ಣೆ. ಬಾಣಲೆ ವಾಲಿ, ಮಿರ್ಚಿ ಕರಿಯುತ್ತಿದ್ದ ಎಣ್ಣೆ ಕೆಲಸಕ್ಕೆ ಬಂದಿದ್ದ ಹೆಂಗಸಿನ ಕಾಲ ಮೇಲೆ ಚೆಲ್ಲಿತು.

ವಿಮೆ ಮಾಡಿಸಿದ್ದೇ ಇಂಥ ಹೊತ್ತಿಗೆ. ಆದರೆ ಅದು ನನ್ನ ಹಿತ್ತಲಿಗೆ ಮಾತ್ರ. ಸೂತಕಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. "ನಮ್ಮ ಹಿತ್ತಲದಾಗ ಆತು ಅಂದುಬಿಡಕ್ಕಾ," ಎಂದು ಕೈ ಮುಗಿದೆ.

ವಿಮೆಯವರ ಕಡೆಯಿಂದ ಒಬ್ಬರು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ಎಣ್ಣೆ ಚೆಲ್ಲಿದ್ದು ಎಲ್ಲಿ ಎಂದು ಕೇಳಿದರು.

"ಇಲ್ಲಲ್ರಿ. ಅಲ್ಲಿ, ನನ್ನ ಮೈದುನನ ಮನ್ಯಾಗ," ಎಂದು ಅಕ್ಕ ಎದುರುಮನೆ ತೋರಿಸಿದಳು.

"ನೀವು ಇರೋದೂ ಅಲ್ಲೇ ಏನ್ರಿ? ಹಂಗಾರ ಇಲ್ಲೇ ವಾಸ ಅಂತ ಈ ಅರ್ಜಿ ತುಂಬಿದವರು ಯಾರು?"

ನಾನು ಬಾಗಿಲಲ್ಲೇ ನಿಂತಿದ್ದೆ. ಹೆಸರು ಹೊರಬಿದ್ದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಸುಳ್ಳು ಹೇಳಿ ಬರಸೀನ್ರಿ. ಬರದವರಿಗೆ ಏನು ಗೊತ್ತಿರತೈತಿ?"

ನಾನು ಸುಮ್ಮನಿದ್ದೆ.

ವಿಮೆಯ ಹಣ ಸಿಗಲಿಲ್ಲ. ಹಾಸ್ಟೆಲ್ಲಿನವರು ರೊಟ್ಟಿ ಬೇಡವೆಂದರು. ಆ ಹೆಂಗಸಿನ ಔಷಧಕ್ಕೆ ಅಕ್ಕ ದೊಡ್ಡ ಪಾತ್ರೆಗಳನ್ನೆಲ್ಲ ಮಾರಿ, ಮೈದುನನ ಅಡಿಗೆಮನೆಗೇ ಮರಳಿದಳು. ಅಲ್ಲಿ ಅವನ ಮನೆಯವರಿಗೆ ರೊಟ್ಟಿ ಬಡಿಯುತ್ತಲೇ ಇದ್ದು, ಹೋದ ವರ್ಷ ಅದೇ ಹಿತ್ತಲ ಕೋಣೆಯಲ್ಲಿ ತೀರಿಕೊಂಡಳು.

ನನಗೆ ಗೊತ್ತಿದ್ದಂತೆ ಅಕ್ಕ ಹೇಳಿದ ಸುಳ್ಳು ಅದೊಂದೇ. ನನ್ನ ಅಂಗಡಿ ಇವತ್ತಿಗೂ ಅದರ ಮೇಲೆಯೇ ನಡೆಯುತ್ತಿದೆ.